ಹೆಸರಿಲ್ಲದ ಅಳತೆ

“ಅಲುಗಾಡ್ಬೇಡ ಕಣೇ!” ಎಂದು ಗದರಿದ ಟೈಲರ್ ಅತ್ತೆ, ಹಳೆಯ ಪುಸ್ತಕ ಹಿಡಿದು ನಿಂತಿದ್ದ ಅಣ್ಣನ ಮಗಳ ಎಡತೋಳಿಗೆ ಟೇಪು ಹಿಡಿದಳು. “ಅದ್ರಲ್ಲಿ ಬರ್ದಿರೋ ಹಾಗೇ, ಬಲಗೈಗಿಂತ ಅರ್ಧ ಇಂಚು ಗಿಡ್ಡ.”

ಮುತ್ತಜ್ಜನ ಅಪ್ಪನೂ ದರ್ಜಿ. ಅವನ ಬದುಕನ್ನು ಬರೆದಿಡಲೆಂದು ಅಣ್ಣನ ಮಗಳು ಅಟ್ಟದಿಂದ ಇಳಿಸಿದ್ದ ಅವನ ಅಳತೆ ಪುಸ್ತಕದಲ್ಲಿ 1874ರ ಒಂದು ಪುಟಕ್ಕೆ ಮಾತ್ರ ಹೆಸರಿರಲಿಲ್ಲ. ಆ ಪುಟದ ಭುಜ, ಸೊಂಟ, ತೋಳು ಎಲ್ಲವೂ ಅವಳವೇ.

“ರಕ್ತ ಎಲ್ಲಿಗೆ ಹೋಗುತ್ತೆ? ನಮ್ಮ ಮನೆತನದವಳೇ ಯಾರೋ ಇರ್ಬೇಕು,” ಎಂದು ಅತ್ತೆ ನಕ್ಕಳು. “ಕೆಳಗೇನೋ ಗೀಚಿದಾನಲ್ಲ, ಓದು.”

ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ‘ಅಳತೆ ಕೊಡುವಾಗ ಅಲುಗಾಡುತ್ತಾಳೆ. ಹೆಸರು ಕೇಳಿದರೆ ಹೇಳಲಿಲ್ಲ. ಅವಳ ಕೈಯಲ್ಲಿ ನನ್ನ ಈ ಪುಸ್ತಕವೇ ಇತ್ತು, ಹಾಳೆಗಳೆಲ್ಲ ಹಳದಿಯಾಗಿದ್ದವು.’