ಮಗ್ಗದ ಸಪ್ಪಳವಿಲ್ಲದ ನಿದ್ದೆ

ಹೊಲಿಗೆ ಮಶೀನಿಗೆ ಎಣ್ಣೆ ಬಿಡುವಾಗಲೆಲ್ಲ ಮಗ್ಗಗಳ ಊರಾದ ಇಚಲಕರಂಜಿಯ ಬಾಲವಾಡಿಯಲ್ಲಿ ಕಳೆದ ಮೊದಲ ಮಧ್ಯಾಹ್ನ ನನ್ನ ಮೂಗಿಗೆ ಬಡಿಯುತ್ತದೆ.

ಊಟವಾದ ಮೇಲೆ, ನಾವು ಬಾಯಾರು ಎನ್ನುತ್ತಿದ್ದ ಶಿಕ್ಷಕಿ ನಮ್ಮನ್ನೆಲ್ಲ ಜಮಖಾನೆಯ ಮೇಲೆ ಮಲಗಿಸಿ ಕಿಟಕಿ ಮುಚ್ಚಿದರು. ಗಲ್ಲಿಯ ಮಗ್ಗಗಳ ಸಪ್ಪಳ ಎಲ್ಲೋ ದೂರ ಸರಿಯಿತು. ಉಳಿದ ಮಕ್ಕಳು ನಿದ್ದೆಹೋದರು. ನನಗೆ ಆ ಮೌನವೇ ಹೆದರಿಕೆ. ಹುಟ್ಟಿದಾಗಿನಿಂದ ನಾನು ಮಲಗಿದ್ದು ಅವ್ವ ನೂಲಿನ ಕಂಡಿಕೆ ಸುತ್ತುವ ಮಗ್ಗದ ಶೆಡ್ಡಿನಲ್ಲೇ. ಹೊರಳಾಡಿದೆ, ಜಮಖಾನೆಯ ಎಳೆ ಕಿತ್ತೆ, ಕೊನೆಗೆ ಅತ್ತುಬಿಟ್ಟೆ. ಶೆಡ್ಡಿನಿಂದ ಅವ್ವನನ್ನು ಕರೆಸಿದರು.

"ಮನ್ಯಾಗೂ ಹಿಂಗ ಮಾಡತಾನೇನ್ರಿ?" ಎಂದರು ಬಾಯಾರು.

"ಮಗ್ಗದ ಸಪ್ಪಳ ಇಲ್ಲಂದ್ರ ಇವಂಗ ನಿದ್ದಿ ಹತ್ತೂದಿಲ್ರಿ. ಮದಲ ಹೇಳಬೇಕಿತ್ತು."

"ಇಷ್ಟ ಏನ್ರಿ!" ಎಂದು ಬಾಯಾರು ಕಿಟಕಿ ತೆರೆದರು. ಖಟಪಟ ಸಪ್ಪಳ ಒಳಗೆ ನುಗ್ಗಿತು. ನನ್ನ ಕಣ್ಣು ಎಳೆಯತೊಡಗಿತು.

ಅವ್ವ ಹೋಗಿ ಕಿಟಕಿಯನ್ನು ಮತ್ತೆ ಮುಚ್ಚಿದಳು.

"ಬ್ಯಾಡ್ರಿ ಬಾಯಾರ. ಅದು ಇಲ್ದ ಮಲಗೂದು ಕಲೀಲಿ ಅಂತನ ಇಲ್ಲಿ ಬಿಟ್ಟೇನಿ."

ಮಶೀನಿನ ಎಣ್ಣೆ ಮೆತ್ತಿದ ಕೈಯಿಂದ ನನ್ನ ಹಣೆ ಸವರಿ, ತಿರುಗಿ ನೋಡದೆ ಹೋದಳು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಚಾದರದೊಳಗೆ ಕಾಲಿನ ಹೆಬ್ಬೆರಳು ಮಾತ್ರ ಮಗ್ಗದ ತಾಳಕ್ಕೆ ಗೋಡೆ ಬಡಿಯುತ್ತಲೇ ಇತ್ತು.