ನಡುವಿನ ಹಾಳೆಗಳು

“ಒಂದಕ್ಷರನೂ ಬಿಡದೆ ಓದ್ತೀನಿ ಪುಟ್ಟಿ, ನೋಡ್ತಿರು,” ಎಂದು ಬೇಕರಿಯಲ್ಲಿ ಕೆಲಸ ಮಾಡುವ ಅಪ್ಪ ಮಗಳಿಗೆ ಮಾತು ಕೊಟ್ಟದ್ದು ಅವಳಿನ್ನೂ ತೊದಲುತ್ತಿದ್ದಾಗ, ಮಾಯಾಕಥೆಗಳ ಆ ದಪ್ಪ ಪುಸ್ತಕ ಮನೆಗೆ ಬಂದ ದಿನ. ಮೊದಲ ರಾತ್ರಿ ಮಾತು ಉಳಿಯಿತು. ಎರಡನೆಯ ರಾತ್ರಿ ಕಣ್ಣು ಎಳೆಯತೊಡಗಿತು. ನಸುಕಿಗೇ ಎದ್ದು ಹಿಟ್ಟು ನಾದಬೇಕಾದವನು ರಾಕ್ಷಸರ ಜೊತೆ ಎಷ್ಟು ಹೊತ್ತು ಅಂತ ಕೂತಾನು? ಹೆಬ್ಬೆರಳು ಒದ್ದೆ ಮಾಡಿಕೊಂಡು ನಾಲ್ಕೈದು ಹಾಳೆ ಒಟ್ಟಿಗೇ ತಿರುವಿದ. ಮಗು ಮಿಸುಕಲಿಲ್ಲ. ಅಲ್ಲಿಂದಾಚೆಗೆ ಪುಸ್ತಕದ ಕಥೆಗಳೆಲ್ಲ ಒಂದೇ ಅಳತೆಗೆ ಬಂದವು: ಹೊರಟರು, ಬಂದರು, ಸುಖವಾಗಿದ್ದರು.

ಬ್ರೆಡ್ಡಿನ ವಿಷಯದಲ್ಲಿ ಮಾತ್ರ ಅವನು ಹೀಗಲ್ಲ. ಮಾಲೀಕನೇ ಬಂದು ತಲೆಯ ಮೇಲೆ ನಿಂತರೂ ಹಿಟ್ಟು ತಾನಾಗಿ ಉಬ್ಬುವ ತನಕ ಒಲೆಗೆ ಹಾಕುತ್ತಿರಲಿಲ್ಲ.

“ಹಿಟ್ಟಿಗಾದ್ರೆ ಕಾಯೋಕೆ ಟೈಮಿದೆ, ಮಗೂಗಿಲ್ಲ,” ಎಂದು ಹೆಂಡತಿ ಬಟ್ಟೆ ಮಡಿಸುತ್ತ ಚುಚ್ಚುತ್ತಿದ್ದಳು.

“ಹಾಗಾದ್ರೆ ನೀನೇ ಓದು.”

“ಮಾತು ಕೊಟ್ಟಿದ್ದು ನಾನಾ?”

ಮಗಳು ಒಂದನೇ ಕ್ಲಾಸಿಗೆ ಬಂದಳು. ಶಾಲೆಯಲ್ಲಿ ಕಥೆ ಹೇಳುವ ಸ್ಪರ್ಧೆ. ಅಪ್ಪ ಹುಬ್ಬಿನ ಮೇಲೆ ಮೈದಾ ಇಟ್ಟುಕೊಂಡೇ ಓಡಿ ಬಂದು ಹಿಂದಿನ ಸಾಲಿನಲ್ಲಿ ಕೂತ. ಮಗಳಿಗಿಂತ ಮುಂಚೆ ವೇದಿಕೆಗೆ ಬಂದ ಹುಡುಗನ ಕಥೆಯ ರಾಕ್ಷಸ ನಿದ್ದೆಯಿಂದ ಇನ್ನೂ ಏಳುತ್ತಿದ್ದ. ಅಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು. ಅಳುತ್ತಿದ್ದ ಹುಡುಗನನ್ನು ಮಿಸ್ ಕೈಹಿಡಿದು ಇಳಿಸಿದರು. ಆಗ ಅಪ್ಪನಿಗೆ ಹೊಳೆಯಿತು, ತನ್ನ ಮಗಳಿಗೆ ಬರುವುದು ತಾನು ಹಾಳೆ ಹಾರಿಸಿ ಓದಿದ ಕಥೆಗಳು ಮಾತ್ರ ಎಂದು.

ಮಗಳು ಕೈಕಟ್ಟಿ ನಿಂತಳು. “ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಅಮ್ಮನಿಗೆ ಹುಷಾರಿರಲಿಲ್ಲ. ಹುಡುಗಿ ಮಾಯದ ನೀರು ತರಲು ಖಾಲಿ ಕೊಡ ಹಿಡಿದು ಹೊರಟಳು. ತುಂಬಿದ ಕೊಡ ಹೊತ್ತು ಬಂದಳು. ಅಮ್ಮನಿಗೆ ವಾಸಿಯಾಯಿತು. ಎಲ್ಲರೂ ಸುಖವಾಗಿದ್ದರು.”

ಸಭೆ ಇನ್ನೂ ಏನೋ ಇದೆ ಎಂದು ಕಾಯಿತು. ಮಿಸ್ ಬಗ್ಗಿ ಕೇಳಿದರು, “ನಡುವೆ ಏನೂ ಆಗ್ಲಿಲ್ವಾ ಪುಟ್ಟಾ?”

“ಇಲ್ಲ ಮಿಸ್. ನಡುವೆ ನಮ್ಮಪ್ಪ ಆಕಳಿಸ್ತಾರೆ.”

ಅಪ್ಪ ಬಾಗಿಲು ಎಲ್ಲಿದೆ ಎಂದು ನೋಡಿದ. ಆದರೆ ಬಹುದೊಡ್ಡ ಹುದ್ದೆಯಿಂದ ನಿವೃತ್ತರಾಗಿದ್ದ, ಊಟದ ಹೊತ್ತು ಮೀರಿತೆಂದು ಆಗಿನಿಂದ ವಾಚು ನೋಡುತ್ತಿದ್ದ ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. “ಕಥೆ ಅಂದ್ರೆ ಇದು,” ಎಂದರು ಮೈಕಿನಲ್ಲಿ. “ಭೂತ ಇಲ್ಲ, ಭಯ ಇಲ್ಲ, ಕಷ್ಟ ಅಂತೂ ಇಲ್ವೇ ಇಲ್ಲ. ಹೊರಟಳು, ಬಂದಳು. ಕೆಲಸ ಆಯ್ತು. ಮಕ್ಕಳಿಗೆ ಕಲಿಸಬೇಕಾದ್ದೇ ಇದನ್ನ.” ಅವರು ಈ ಮಾತನ್ನು ವಿವರಿಸಲು ಅರ್ಧ ಗಂಟೆ ತೆಗೆದುಕೊಂಡರು. ಮೊದಲ ಬಹುಮಾನ ಮಗಳಿಗೇ ಬಂತು. ಬಣ್ಣದ ಕಾಗದ ಬಿಚ್ಚಿದರೆ ಒಳಗೆ ಅದೇ ಮಾಯಾಕಥೆಗಳ ದಪ್ಪ ಪುಸ್ತಕ.

ದಾರಿಯಲ್ಲಿ ಮಗಳು ಅಪ್ಪನ ಬೆರಳು ಜಗ್ಗಿದಳು. “ಅಪ್ಪಾ, ಆ ಅಳ್ತಿದ್ದ ಹುಡುಗ ಹೇಳ್ದ, ಕೊಡದ ಕಥೇಲಿ ಒಬ್ಬಳು ಮಾಟಗಾತಿ ಇದಾಳಂತೆ. ನಮ್ಮನೆ ಪುಸ್ತಕದಲ್ಲಿ ಯಾಕಿಲ್ಲ?”

“ರಜಾ ಹಾಕಿರ್ಬೇಕು ಕಣೆ.”

ಮಗಳು ನಗಲಿಲ್ಲ. “ಒಂದಕ್ಷರನೂ ಬಿಡಲ್ಲ ಅಂದಿದ್ಯಂತೆ ನೀನು, ಅಮ್ಮ ಹೇಳಿದ್ಲು.”

ಆ ಭಾನುವಾರ ಮಧ್ಯಾಹ್ನ ಅಪ್ಪ ಮುಖಕ್ಕೆ ತಣ್ಣೀರು ಹಾಕಿಕೊಂಡು ಬಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಹಳೆಯ ಪುಸ್ತಕವನ್ನೇ ತೆರೆದ. ಕೊಡದ ಕಥೆಯ ಮೊದಲ ಪುಟ ಬೆಣ್ಣೆಬೆರಳಿನಿಂದ ಕಂದಾಗಿತ್ತು, ಕೊನೆಯ ಪುಟವೂ. ನಡುವಿನ ಹಾಳೆಗಳು ಅಂಗಡಿಯಿಂದ ಈಗ ತಾನೇ ತಂದಷ್ಟು ಬೆಳ್ಳಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಚಾಕು ಹಾಕಿ ಮೆಲ್ಲಗೆ ಬಿಡಿಸಿದ. ಮಾಟಗಾತಿ ಒಳಗೇ ಇದ್ದಳು. ನೀರು ಬೇಕಾದರೆ ಗಾಳಿಯ ಸಿಕ್ಕುಗಟ್ಟಿದ ಕೂದಲು ಬಾಚಿ ಜಡೆ ಹಾಕು ಎಂದಳು. ಹುಡುಗಿ ಮೂರು ಪುಟ ಬಾಚಿದಳು. ಆಮೇಲೆ ಮಾಟಗಾತಿ, ಹಲ್ಲುನೋವಿನಿಂದ ಊದಿಕೊಂಡು ಮಲಗಿರುವ ಚಂದ್ರನ ಬಾಯೊಳಗೆ ಇಳಿ ಎಂದಳು.

ಅಪ್ಪನ ನಿದ್ದೆ ಹಾರಿಹೋಗಿತ್ತು. ದನಿ ಏರಿಸಿ, ತಗ್ಗಿಸಿ, ಮಾಟಗಾತಿಯ ಹಾಗೆ ಕೆಮ್ಮಿ ಓದಿದ. ಬಟ್ಟೆ ಮಡಿಸುತ್ತಿದ್ದ ಹೆಂಡತಿಯೂ ಕೈ ನಿಲ್ಲಿಸಿ ಬಾಗಿಲಿಗೊರಗಿದಳು.

“ಇನ್ನೂ ಎಷ್ಟಿದೆ ಅಪ್ಪಾ?” ಮಗಳು ಕಾಲಾಡಿಸುತ್ತಿದ್ದಳು.

“ತಡಿಯೇ. ಈಗ ಚಂದ್ರನ ಬಾಯಿ ತೆರೀತಾಳೆ.”

“ಇಷ್ಟೊಂದು ಕಷ್ಟ ಯಾಕೆ? ಬೇಡ ಅಂದ್ರಲ್ಲ ಆ ತಾತ. ಎಲ್ರೂ ಚಪ್ಪಾಳೆ ಹೊಡೆದ್ರಲ್ಲ.”

“ಅವಳ ಅಮ್ಮ ಉಳೀತಾಳೋ ಇಲ್ವೋ ಗೊತ್ತಾಗೋದು ಬೇಡ್ವಾ?”

“ಗೊತ್ತಲ್ಲ ನಂಗೆ. ವಾಸಿಯಾಗುತ್ತೆ.”

ಮಗಳು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದಳು. ಉಳಿದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಅಪ್ಪನಷ್ಟೇ ನಯವಾಗಿ, ಸದ್ದಾಗದಂತೆ ತಿರುವಿದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು, “ಎಲ್ಲರೂ ಸುಖವಾಗಿದ್ದರು.” ಪುಸ್ತಕ ಮುಚ್ಚಿ ಆಡಲು ಓಡಿದಳು.

ಅಪ್ಪ ಕೊಟ್ಟ ಮಾತು ಆವತ್ತೂ ಉಳಿಯಲಿಲ್ಲ.