ನಾಲ್ಕನೇ ತಟ್ಟೆ

ಇಟಲಿಯ ಪುಲ್ಯಾ ಪ್ರಾಂತ್ಯದ ಒಂದು ಹಳ್ಳಿಮನೆ. ಅಲ್ಲಿನ ಅಜ್ಜಿಯ ಕೈಯಡುಗೆ ಉಣ್ಣುವುದೇ ಅಂದಿನ ಪ್ರವಾಸದ ವಿಶೇಷ ಅನುಭವ. ಪುಟ್ಟ ಕಿವಿಗಳಂಥ ಪಾಸ್ತಾ, ಮೇಲೆ ಟೊಮೆಟೊ ಗೊಜ್ಜು.

ಮೈಸೂರಿನ ನಂಜುಂಡಯ್ಯನವರು ತಟ್ಟೆ ಖಾಲಿ ಮಾಡಿದರು. ಅಜ್ಜಿ ನಗುತ್ತಾ ಮತ್ತೆ ಬಡಿಸಿದಳು. ಅದನ್ನೂ ಮುಗಿಸಿದರು. ಮತ್ತೆ ಬಡಿಸಿದಳು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿದಳು.

"ತಿನ್ನೀಂದ್ರೆ, ಪಾಪ, ಎಷ್ಟು ಆಸೆಯಿಂದ ಹಾಕ್ತಿದಾರೆ," ಎಂದರು ಹೆಂಡತಿ ಗಿರಿಜಮ್ಮ.

"ಬಿಡೋಕಾಗತ್ತೇನೇ? ಬಡಿಸಿದೋರ ಮನಸ್ಸು ನೋಯಲ್ವಾ?"

ನಾಲ್ಕನೇ ತಟ್ಟೆ ಮುಗಿಯುವಷ್ಟರಲ್ಲಿ ನಂಜುಂಡಯ್ಯನವರು ಬೆಲ್ಟು ಸಡಿಲಿಸಿದ್ದರು. ಅಜ್ಜಿ ಪಾತ್ರೆ ಎತ್ತಿಕೊಂಡು ಮತ್ತೆ ಹೊರಟಿದ್ದನ್ನು ಕಂಡು ಬೆವರಿದರು. ತಂಡದ ಜೊತೆ ಬಂದಿದ್ದ ಹುಬ್ಬಳ್ಳಿಯ ಗೈಡನ್ನು ಕೈಬೀಸಿ ಕರೆದರು.

"ಈ ಅಜ್ಜೀನ ನಿಲ್ಲಿಸೋದು ಹೇಗಪ್ಪಾ?"

"ತಾಟು ಖಾಲಿ ಮಾಡಿದ್ರ ಇನ್ನೂ ಹಸಿವು ಐತಿ ಅಂತ ತಿಳ್ಕೋತಾಳ್ರೀ ಅಜ್ಜಿ. ಎರಡು ತುತ್ತು ಬಿಟ್ರ ಸಾಕ್ರೀ, ಹೊಟ್ಟಿ ತುಂಬೇತಿ ಅಂತ ಸುಮ್ನಾಗ್ತಾಳ. ಮುಂಜಾನೆನ ಮೇಡಮ್ಮಾರಿಗೆ ಹೇಳಿದ್ನೆಲ್ರೀ!"

ನಂಜುಂಡಯ್ಯನವರು ಹೆಂಡತಿಯ ತಟ್ಟೆಯತ್ತ ತಿರುಗಿದರು. ಮೊದಲ ಸಲ ಬಡಿಸಿದ್ದರಲ್ಲೇ ಎರಡು ತುತ್ತು ಅಂಚಿನಲ್ಲಿ ಒಪ್ಪವಾಗಿ ಉಳಿದಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

ಗಿರಿಜಮ್ಮ ನೀರು ಕುಡಿದು ಲೋಟ ಕೆಳಗಿಟ್ಟರು.

"ಮೂವತ್ತು ವರ್ಷದಿಂದ ನಾನು ಬಡಿಸಿದ್ದರಲ್ಲಿ ದಿನಾ ಎರಡು ತುತ್ತು ಬಿಟ್ಟೇ ಏಳ್ತೀರಲ್ಲ, ನಿಮಗೆ ಹೇಳ್ಕೊಡ್ಬೇಕಾ ಅಂತ ಸುಮ್ನಿದ್ದೆ."